ಬೈಯಲು ಒಬ್ಬ ತಮ್ಮ

ಸೆಪ್ಟೆಂಬರ್ ಬಂತೆಂದರೆ ನಮ್ಮ ಊರಿನ ಅಂಗಳಗಳೆಲ್ಲ ಸುಟ್ಟ ಮೆಣಸಿನಕಾಯಿ ವಾಸನೆ ಹೊಡೆಯುತ್ತವೆ. ಅಂದು ದೋಬ್ರಿನಾಳ ಅಂಗಳದಲ್ಲೂ ಅದೇ ಕೆಲಸ ನಡೆದಿತ್ತು. ಆಕೆ ಕೆಂಪು ದಪ್ಪಮೆಣಸಿನಕಾಯಿಗಳನ್ನು ಒಲೆಯ ಮೇಲೆ ಹೊರಳಿಸಿ ಹೊರಳಿಸಿ ಸುಡುತ್ತಿದ್ದಳು. ಸೊಸೆ ರುಮ್ಯಾನಾ ಪಕ್ಕದಲ್ಲಿ ಕೂತು ಸಿಪ್ಪೆ ಸುಲಿದು ಬಾಣಲೆಗೆ ಹಾಕುತ್ತಿದ್ದಳು. ಗಂಡ ರೂಸಿ ದ್ರಾಕ್ಷಿ ಚಪ್ಪರದ ಕೆಳಗೆ ಕುರ್ಚಿ ಹಾಕಿಕೊಂಡು ಇಬ್ಬರ ಕೆಲಸದಲ್ಲೂ ತಪ್ಪು ಹುಡುಕುತ್ತಿದ್ದ. ಆಗ ತಂತಿ ಬೇಲಿಯ ಆಚೆ ಅವನ ತಮ್ಮ ಕಾಂಚೊ ಬಂದು ನಿಂತ.

"ರೂಸಿ, ಒಂದು ಮಾತಿತ್ತು."

"ಮೊದಲು ಗೇಟಿನಿಂದ ಕಾರು ತೆಗಿ. ಆಮೇಲೆ ಮಾತು."

"ತೆಗೆದಿದ್ದೀನಿ. ಆಚೆ ಬೀದೀಲಿ ನಿಲ್ಲಿಸಿದ್ದೀನಿ. ಇನ್ಮೇಲೆ ಅಲ್ಲೇ ನಿಲ್ಲಿಸ್ತೀನಿ."

ರೂಸಿ ತಲೆ ಎತ್ತಿದ.

"ದ್ರಾಕ್ಷಿನೂ ನೀನೇ ತಗೋ. ಬುಡ ನಂದು, ಬಳ್ಳಿ ನಿಂದು ಅಂತ ಇನ್ನು ಜಗಳ ಬೇಡ. ಪೂರ್ತಿ ನಿಂದೇ. ನಂಗೆ ಸಾಕಾಯ್ತು ಕಣೋ."

"ಏನೋ ಇದು? ಯಾವ ವಕೀಲ ಹೇಳಿಕೊಟ್ಟ?"

"ಯಾರೂ ಹೇಳಿಕೊಡಲಿಲ್ಲ. ಒಂದು ಲೋಟಕ್ಕೆ ರಕಿಯಾ ಸಾರಾಯಿ ಹಾಕು, ಈ ಕಡೆ ಬರ್ತೀನಿ."

"ಲೋಟ ತೊಳೆದಿಲ್ಲ," ಎಂದ ರೂಸಿ.

ಕಾಂಚೊ ಬೇಲಿ ಹಿಡಿದು ಸ್ವಲ್ಪ ಹೊತ್ತು ನಿಂತಿದ್ದ. ಅತ್ತಿಗೆಯ ಮುಖ ನೋಡಿ ಒಮ್ಮೆ ತಲೆಯಾಡಿಸಿ ತನ್ನ ಮನೆಯೊಳಗೆ ಹೋದ.

ಆ ಇಬ್ಬರ ಜಗಳ ನಮ್ಮ ಬೀದಿಯಲ್ಲಿ ಎಲ್ಲರಿಗೂ ಬಾಯಿಪಾಠ. ಅಪ್ಪ ಸತ್ತ ಮೇಲೆ ಒಂದು ಮನೆಯನ್ನು ಎರಡು ಮಾಡಿಕೊಂಡರು. ಬೀದಿಯ ಗೇಟು ಒಂದೇ ಉಳಿಯಿತು. ಅಪ್ಪ ನೆಟ್ಟ ದ್ರಾಕ್ಷಿಯ ಬುಡ ಕಾಂಚೊನ ಕಡೆಗೆ ಬಂತು, ಚಪ್ಪರ ರೂಸಿಯ ಕಡೆಗೆ ಹಬ್ಬಿತ್ತು. ಅಲ್ಲಿಂದ ಶುರುವಾದದ್ದು ಹದಿನಾಲ್ಕು ವರ್ಷ ನಡೆಯಿತು. ದಿನಾ ಸಂಜೆ ರೂಸಿ ಬೇಲಿಯ ಹತ್ತಿರ ಹೋಗಿ ನಿಲ್ಲುತ್ತಿದ್ದ, ಕಾಂಚೊ ಹೊರಗೆ ಬರುತ್ತಿದ್ದ. ರೂಸಿ ರೈಲ್ವೆ ವರ್ಕ್‌ಶಾಪಿನಲ್ಲಿ ದುಡಿದವನು, ಕಾಂಚೊ ಬಸ್ಸು ಓಡಿಸಿದವನು. ಇಬ್ಬರಿಗೂ ಸದ್ದಿನ ಮೇಲೆ ಮಾತಾಡಿ ಅಭ್ಯಾಸ. ಜಗಳ ಮುಗಿಸಿ ಬಂದು ರೂಸಿ ಮೇಜಿಗೆ ಕೂತರೆ, ದೋಬ್ರಿನಾ ಬ್ರೆಡ್ ಕೊಯ್ದು ಕೊಯ್ದು ಸುಸ್ತಾಗುತ್ತಿದ್ದಳು. ಅಷ್ಟು ತಿನ್ನುತ್ತಿದ್ದ.

ಕಾಂಚೊ ಸೋತ ದಿನ ರೂಸಿ ಕುಣಿಯುವುದೊಂದು ಬಾಕಿ. "ಸೋತ, ನೋಡಿದ್ಯಾ? ಕೊನೆಗೂ ಬಾಲ ಮುದುರಿದ!" ಎಂದು ಮಗ ಪ್ಲಾಮೆನ್ ಕಾರ್ಖಾನೆಯಿಂದ ಬಂದ ಕೂಡಲೇ ಅವನಿಗೆ ಹೇಳಿದ. ಊಟದಲ್ಲಿ ಹೇಳಿದ. ಮಾರನೇ ದಿನ ಬ್ರೆಡ್ ಅಂಗಡಿಯಲ್ಲಿ, ಕ್ಷೌರದಂಗಡಿಯಲ್ಲಿ ಹೇಳಿದ.

"ಸರಿ ಅಪ್ಪ, ಒಳ್ಳೇದಾಯ್ತಲ್ಲ," ಎಂದ ಪ್ಲಾಮೆನ್. "ಇನ್ನು ಚಿಕ್ಕಪ್ಪನ್ನ ಒಂದಿನ ಊಟಕ್ಕೆ ಕರೀರಿ."

"ಊಟಕ್ಕೆ? ಆ ಕತ್ತೇನಾ?"

ಅದರ ಮಾರನೇ ಸಂಜೆ ಅವನು ರೂಢಿಯಂತೆ ಬೇಲಿಯ ಹತ್ತಿರ ಹೋದ. ಕಾಂಚೊ ಜಗಲಿಯಲ್ಲಿ ಕೂತಿದ್ದವನು ಕೈ ಎತ್ತಿ, "ಏನಪ್ಪಾ ರೂಸಿ, ಮಂಡಿ ನೋವು ಹೇಗಿದೆ?" ಎಂದ. ರೂಸಿ ಮುಖ ತಿರುಗಿಸಿದ. ವಾಪಸು ಬಂದು ಮೇಜಿಗೆ ಕೂತ. ಹುರುಳಿಕಾಯಿ ಸೂಪನ್ನು ಎರಡು ಚಮಚ ಕುಡಿದು ತಟ್ಟೆ ತಳ್ಳಿದ.

"ಯಾಕೆ?" ಎಂದಳು ದೋಬ್ರಿನಾ.

"ಸಪ್ಪೆ."

ಉಪ್ಪು ಸರಿಯಾಗಿತ್ತು. ಎಲ್ಲರೂ ತಿಂದಿದ್ದರು.

ಅಲ್ಲಿಂದ ಮನೆಯ ಊಟ ಕೆಟ್ಟಿತು. ಮೊಸರು ಹುಳಿ, ಚೀಸ್ ಒಣಕಲು, ಬ್ರೆಡ್ ನಿನ್ನೆಯದು. ಆಮೇಲೆ ಊಟ ಬಿಟ್ಟು ಮನುಷ್ಯರ ಮೇಲೆ ಬಂದ. ಪ್ಲಾಮೆನ್‌ನ ಕಾರ್ಖಾನೆ ಕೆಲಸ ಕೂಲಿಗಿಂತ ಕಡೆ. ರುಮ್ಯಾನಾ ಕೂದಲಿಗೆ ಹಾಕಿದ ಬಣ್ಣ ಇಲಿಯ ಬಣ್ಣ. ಮೊಮ್ಮಗಳು ನೆಲಿ ಗಟ್ಟಿಯಾಗಿ ಓದಿದರೆ ಗಲಾಟೆ, ಮೆಲ್ಲಗೆ ಓದಿದರೆ ಸೋಮಾರಿತನ. ಬೆಲ್ಟಿಗೆ ಹೊಸ ತೂತು ಹೊಡೆಯಬೇಕಾಗಿ ಬಂತು, ಅಷ್ಟು ಇಳಿದುಹೋದ. ಪ್ಲಾಮೆನ್ ಬಲವಂತವಾಗಿ ಡಾಕ್ಟರ ಹತ್ತಿರ ಕರೆದುಕೊಂಡು ಹೋದ. ಡಾಕ್ಟರು ಪರೀಕ್ಷೆ ಮಾಡಿ, "ಏನೂ ಇಲ್ಲ, ವಯಸ್ಸು," ಎಂದರು. ರೂಸಿ ಅಲ್ಲೇ ಅವರ ಮೇಲೆ ಹರಿಹಾಯ್ದ. ಕಾಯುತ್ತಿದ್ದ ರೋಗಿಗಳೆಲ್ಲ ಬಾಗಿಲಿಗೆ ಬಂದು ನೋಡಿದರಂತೆ.

ಆ ದಿನ ಅವನು ಮಧ್ಯಾಹ್ನ ಎರಡು ತಟ್ಟೆ ಮುಸಾಕಾ ತಿಂದ. ಆಲೂಗಡ್ಡೆ, ಖೀಮಾ ಒಂದು ಚೂರೂ ಬಿಡದೆ ಬ್ರೆಡ್ಡಿನಿಂದ ತಟ್ಟೆ ಒರೆಸಿದ.

ಪಾತ್ರೆ ತೊಳೆಯುವಾಗ ರುಮ್ಯಾನಾ ಅತ್ತೆಯ ಕಡೆ ಬಾಗಿ ಹೇಳಿದಳು: "ನೋಡಿದ್ರಾ ಅತ್ತೆ? ಡಾಕ್ಟರಿಗೆ ಬೈದು ಬಂದ್ರು, ಹೊಟ್ಟೆ ತುಂಬಾ ತಿಂದ್ರು. ಕುಡುಕರಿಗೆ ಸೀಸೆ ಹೇಗೋ ಮಾವನಿಗೆ ಸಿಟ್ಟು ಹಾಗೆ. ಸಿಗದೇ ಇದ್ರೆ ಕೈ ನಡುಗತ್ತೆ."

"ಸುಮ್ನಿರು, ಕೇಳಿಸ್ಕೋತಾನೆ."

"ಕೇಳಿಸ್ಕೊಳ್ಳಲಿ."

ದೋಬ್ರಿನಾ ತಟ್ಟೆ ಒರೆಸುತ್ತ ನಿಂತಳು. "ನಮ್ಮಪ್ಪ ಕುಡೀತಿದ್ದ. ಅಮ್ಮ ಸೀಸೇನ ಹಿಟ್ಟಿನ ಚೀಲದಲ್ಲಿ ಬಚ್ಚಿಡ್ತಿದ್ಲು. ಇದನ್ನ ಎಲ್ಲಿ ಬಚ್ಚಿಡ್ಲಿ ಹೇಳು."

ಭಾನುವಾರ ರುಮ್ಯಾನಾ ದಪ್ಪಮೆಣಸಿನಕಾಯಿಗೆ ಅನ್ನ, ಖೀಮಾ ತುಂಬಿ ಬೇಯಿಸಿದ್ದಳು. ಅಷ್ಟು ಹೊತ್ತಿಗಾಗಲೇ ನೆಲಿ ತಟ್ಟೆ ಹಿಡಿದು ಮೆಟ್ಟಿಲ ಮೇಲೆ ಕೂತು ತಿನ್ನುವ ಅಭ್ಯಾಸ ಮಾಡಿಕೊಂಡಿದ್ದಳು. ರೂಸಿ ಒಂದು ತುತ್ತು ಬಾಯಿಗಿಟ್ಟು ಮೊಮ್ಮಗಳಿಗೆ ಕೇಳುವಂತೆ ಹೇಳಿದ:

"ನಿಮ್ಮಮ್ಮನ ತೌರಿನವರೆಲ್ಲ ಹೀಗೇನೇ. ತಟ್ಟೆ ತುಂಬಾ ಬಡಿಸ್ತಾರೆ, ಬಾಯಿಗಿಟ್ರೆ ಮಣ್ಣು."

"ಮಾವ, ನನ್ನ ತೌರಿನ ವಿಷಯ ಬೇಡ," ಎಂದಳು ರುಮ್ಯಾನಾ.

"ಯಾಕೆ ಬೇಡ? ನಿಮ್ಮಪ್ಪ ಯಾಂಬೋಲಿನಲ್ಲಿ ಏನು ಕಿತ್ತು ಗುಡ್ಡೆ ಹಾಕಿದ್ದಾನೆ ಅಂತ—"

"ನಮ್ಮಪ್ಪ ಮನೆಯವರ ಬಾಯಿಂದ ಅನ್ನ ಕಿತ್ಕೊಂಡಿಲ್ಲ! ನಿಮ್ಮ ಹಾಗೆ—"

ಅಷ್ಟು ಹೇಳಿದವಳು ತಟ್ಟನೆ ಮಾತು ನಿಲ್ಲಿಸಿದಳು. ಮಾವನ ಕೆನ್ನೆ ಕೆಂಪಾಗಿತ್ತು, ಕಣ್ಣು ಹೊಳೆಯುತ್ತಿತ್ತು. ಕುರ್ಚಿಯ ಅಂಚಿಗೆ ಬಂದು ಮುಂದಿನ ಮಾತಿಗೆ ಕಾಯುತ್ತಿದ್ದ. ಕೈ ಆಗಲೇ ಬ್ರೆಡ್ಡಿನ ಕಡೆ ಚಾಚಿತ್ತು.

"ಇಲ್ಲ," ಎಂದಳು ರುಮ್ಯಾನಾ. "ನಾನು ಕಾಂಚೊ ಚಿಕ್ಕಪ್ಪ ಅಲ್ಲ."

ಅವಳು ಅಂದೇ ಸಂಜೆ ಬಟ್ಟೆ ತುಂಬಿದಳು. ಮಾರನೇ ದಿನ ನೆಲಿಯನ್ನು ಕರೆದುಕೊಂಡು ಯಾಂಬೋಲಿಗೆ ತೌರಿಗೆ ಹೋದಳು. "ಮಗು ಅನ್ನ ತಿನ್ನೋಕೆ ಹೆದರಬಾರದು ಅತ್ತೆ," ಎಂದಷ್ಟೇ ಹೇಳಿದಳು. ದೋಬ್ರಿನಾ ತಡೆಯಲಿಲ್ಲ. ಹೊಸ ಮೆಣಸಿನಕಾಯಿ ಚಟ್ನಿಯ ಬಾಟಲಿಗಳನ್ನು ಮಗನ ಕಾರಿನಲ್ಲಿಟ್ಟಳು.

ಪ್ಲಾಮೆನ್ ಯಾಂಬೋಲಿನಲ್ಲೇ ಇದ್ದ ತನ್ನ ಕಾರ್ಖಾನೆಯ ಕೆಲಸ ಮುಗಿಸಿ ಒಂದು ದಿನ ಅಲ್ಲಿ, ಒಂದು ದಿನ ಇಲ್ಲಿ ಎಂದು ಓಡಾಡತೊಡಗಿದ. ಇಲ್ಲಿಗೆ ಬಂದ ದಿನ ಅಪ್ಪ, "ಹೆಂಡತಿ ಸೆರಗಿಗೆ ಗಂಟು ಹಾಕ್ಕೊಂಡವನು" ಎಂದರೆ ತಟ್ಟೆ ಬಿಟ್ಟು ಎದ್ದು ಹೋಗುತ್ತಿದ್ದ. ಮನೆಯಲ್ಲಿ ಉಳಿದವಳು ದೋಬ್ರಿನಾ ಒಬ್ಬಳೇ. ಗಂಡ ಬೈದರೆ ಆಕೆ ಎದುರಾಡುತ್ತಿರಲಿಲ್ಲ, ಅದರಿಂದ ಅವನಿಗೆ ಏನೂ ಸಿಗುತ್ತಿರಲಿಲ್ಲ. ದಿನವಿಡೀ ಮಂಚದ ಮೇಲೆ ಗೋಡೆಯ ಕಡೆ ತಿರುಗಿ ಮಲಗತೊಡಗಿದ. ಗಡ್ಡ ಬಿಟ್ಟ. ಒಂದು ಬೆಳಗ್ಗೆ ಆಕೆ ಹಾಸಿಗೆಯ ಹೊದಿಕೆ ಬದಲಿಸುವಾಗ ಅವನ ಕಾಲು ನೋಡಿದಳು. ಕೋಲಿನಂತಾಗಿತ್ತು.

ಆಕೆ ತಲೆಗೆ ವಸ್ತ್ರ ಕಟ್ಟಿಕೊಂಡು ಬಸ್ ನಿಲ್ದಾಣಕ್ಕೆ ನಡೆದಳು. ಅಲ್ಲಿ ಹಳೆಯ ಡ್ರೈವರುಗಳು ಕೂರುವ ಬೆಂಚು ಇದೆ. ಕಾಂಚೊ ಒಬ್ಬನೇ ಕೂತು ಸೂರ್ಯಕಾಂತಿ ಬೀಜ ಸಿಪ್ಪೆ ಬಿಡಿಸುತ್ತಿದ್ದ.

"ಅತ್ತಿಗೆ! ಎಲ್ಲಿಗೆ ಹೊರಟೆ?"

"ನಿನ್ನ ಹತ್ರಾನೇ." ಆಕೆ ಕೂತಳು. ಹೇಗೆ ಶುರುಮಾಡಬೇಕೆಂದು ತಿಳಿಯದೆ ಕೊನೆಗೆ ಇದ್ದಂತೆಯೇ ಹೇಳಿಬಿಟ್ಟಳು. "ಕಾಂಚೊ, ಆ ಕಾರು ತಂದು ಮತ್ತೆ ಗೇಟಿಗೆ ನಿಲ್ಲಿಸು."

"ಏನು?"

"ದ್ರಾಕ್ಷಿ ನಂದೇ ಅನ್ನು. ಬೈಯಿ ಅವನಿಗೆ. ಮೊದಲಿನ ಹಾಗೆ. ಇಲ್ದಿದ್ರೆ ಈ ಚಳಿಗಾಲ ದಾಟಲ್ಲ ಅವನು. ಊಟ ಬಿಟ್ಟಿದ್ದಾನೆ. ಸೊಸೆ ಮನೆ ಬಿಟ್ಟು ಹೋದ್ಲು. ಮಗು ಹೋಯ್ತು."

ಕಾಂಚೊ ಅವಳನ್ನೇ ನೋಡಿದ. ಆಮೇಲೆ ನಗಲು ಶುರುಮಾಡಿದ. ನಗು ಕೆಮ್ಮಾಯಿತು, ಕೆಮ್ಮು ನಿಲ್ಲಲು ಹೊತ್ತಾಯಿತು. ಕರವಸ್ತ್ರದಿಂದ ಬಾಯಿ ಒರೆಸಿಕೊಂಡು ಅದನ್ನು ಬೇಗ ಮಡಚಿ ಜೇಬಿಗೆ ಹಾಕಿದ.

"ನಾನು ಏನೇನೋ ಅಂದ್ಕೊಂಡಿದ್ದೆ ಅತ್ತಿಗೆ. ಇಬ್ರೂ ಕೂತ್ಕೊಂಡು ಒಂದು ಲೋಟ ಕುಡಿಯೋಣ, ಅಪ್ಪನ ವಿಷಯ ಮಾತಾಡೋಣ ಅಂತ."

"ನಂಗೂ ಅದೇ ಆಸೆ ಇತ್ತು. ಆಗಲ್ಲ ಅವನ ಕೈಲಿ."

"ಜಗಳ ಆಡಿದ್ರೆ ಊಟ ಮಾಡ್ತಾನಾ?"

"ಮಾಡ್ತಾನೆ."

ಕಾಂಚೊ ಮಡಿಲಲ್ಲಿದ್ದ ಸಿಪ್ಪೆ ಕೊಡವಿದ. "ಸರಿ ಬಿಡು. ಬೈಯೋದು ಏನು ಕಷ್ಟ."

ಮಾರನೇ ಬೆಳಗ್ಗೆ ಅವನ ಹಳೆಯ ರಷ್ಯನ್ ಕಾರು ಗೇಟಿಗೆ ಅಡ್ಡ ನಿಂತಿತ್ತು. ಅಷ್ಟೇ ಅಲ್ಲ, ಚಪ್ಪರದ ಒಂದು ಮೂಲೆಯ ದ್ರಾಕ್ಷಿಯನ್ನು ಆಗಲೇ ಯಾರೋ ಕೊಯ್ದಿದ್ದರು. ದೋಬ್ರಿನಾ ಮಲಗುವ ಕೋಣೆಯ ಕಿಟಕಿ ತೆರೆದು, "ನೋಡು, ನಿನ್ನ ತಮ್ಮ ಏನು ಮಾಡಿದ್ದಾನೆ," ಎಂದಳು.

ರೂಸಿ ಎದ್ದು ಬಂದು ನೋಡಿದ. ಒಂದು ಗಳಿಗೆ ನಂಬಲಿಲ್ಲ. ಆಮೇಲೆ ಬರಿಗಾಲಲ್ಲಿ, ಬನಿಯನ್ನಿನಲ್ಲೇ ಅಂಗಳಕ್ಕೆ ಓಡಿದ.

"ಕಳ್ಳ! ಬಾರೋ ಹೊರಗೆ! ಗೊತ್ತಿತ್ತು ನಂಗೆ, ಗೊತ್ತಿತ್ತು!"

"ಯಾರೋ ಕಳ್ಳ? ಬುಡ ಯಾರದು ಹೇಳು! ನೀನು ನೀರು ಹಾಕಿದ್ಯಾ ಒಂದು ದಿನ?"

"ನನ್ನ ನೆತ್ತಿ ಮೇಲೆ ಬೆಳೆದದ್ದು ನಂದು!"

"ನಿನ್ನ ನೆತ್ತಿ ಮೇಲೆ ಕೂದಲೂ ಬೆಳೆಯಲ್ಲ, ದ್ರಾಕ್ಷಿ ಎಲ್ಲಿ ಬೆಳೆಯತ್ತೆ!"

ಬೀದಿಯಲ್ಲಿ ಯಾರೋ ಗಟ್ಟಿಯಾಗಿ ನಕ್ಕರು. ರೂಸಿ ಒಳಗೆ ಬಂದು ಗಡ್ಡ ಹೆರೆದುಕೊಂಡ, ಅಂಗಿ ತೊಟ್ಟ. "ಏನಿದೆ ತಿನ್ನೋಕೆ?" ಎಂದ. ದೋಬ್ರಿನಾ ನಾಲ್ಕು ಮೊಟ್ಟೆ ಒಡೆದು ಹಾಕಿದಳು. ಬೆನ್ನು ತಿರುಗಿಸಿ ನಿಂತು ಕಣ್ಣೊರೆಸಿಕೊಂಡಳು.

ದ್ರಾಕ್ಷಿ ಕೊಯ್ಲು ಹಾಗೇ ಜಗಳದಲ್ಲಿ ಮುಗಿಯಿತು. ಇಬ್ಬರೂ ಅರ್ಧರ್ಧ ಕೊಯ್ದರು, ಇಬ್ಬರೂ ಮೋಸ ಹೋದೆ ಎಂದರು. ರೂಸಿಯ ಮೈಗೆ ಬಣ್ಣ ಬಂತು. ಮನೆಯೊಳಗೆ ಅವನು ಯಾರಿಗೂ ಏನೂ ಅನ್ನುತ್ತಿರಲಿಲ್ಲ, ಎಲ್ಲವನ್ನೂ ಬೇಲಿಯ ಹತ್ತಿರ ಖರ್ಚು ಮಾಡಿ ಬರುತ್ತಿದ್ದ. ಪ್ಲಾಮೆನ್ ಹೆಂಡತಿಗೆ ಫೋನು ಮಾಡಿ, "ಅಪ್ಪ ಹಾಡು ಗುನುಗ್ತಿದ್ದಾರೆ, ಬಾ," ಎಂದ. ರುಮ್ಯಾನಾ ಅಕ್ಟೋಬರ್ ಮಧ್ಯದಲ್ಲಿ ಬಂದಳು. "ನಮಗೆ ಏನೂ ಅನ್ನಲ್ಲ ಅಂತ ಮಾತು ಕೊಡಲಿ," ಎಂದಿದ್ದಳು. ರೂಸಿ ಮಾತು ಕೊಟ್ಟ. ಪಾಪ, ಕೊಟ್ಟ ಮಾತು ಉಳಿಸಿಕೊಂಡ. ನೆಲಿಯನ್ನು ಪಕ್ಕದಲ್ಲಿ ಕೂರಿಸಿಕೊಂಡು ತನ್ನ ತಟ್ಟೆಯ ಚೀಸ್ ಅವಳಿಗೆ ಹಾಕುತ್ತಿದ್ದ.

"ಅಜ್ಜ, ಚಿಕ್ಕಜ್ಜ ನಿಜವಾಗ್ಲೂ ಕಳ್ಳಾನಾ?"

"ಹುಟ್ಟಾ ಕಳ್ಳ. ಚಿಕ್ಕಂದಿನಲ್ಲಿ ನನ್ನ ಬೂಟು ಕದ್ದು ಹಾಕ್ಕೊಂಡು ಹೋಗ್ತಿದ್ದ." ಹಾಗೆ ಹೇಳುವಾಗ ಅವನ ದನಿಯಲ್ಲಿ ಬೇರೇನೋ ಇತ್ತು. ದೋಬ್ರಿನಾ ಅದನ್ನು ಗಮನಿಸಿದಳು, ಆದರೆ ಕೆದಕಲಿಲ್ಲ. ಮನೆ ನೆಟ್ಟಗಾಯಿತಲ್ಲ, ಸಾಕು ಅಂದುಕೊಂಡಳು.

ಎಲೆಕೋಸನ್ನು ಉಪ್ಪುನೀರಿನಲ್ಲಿ ಹಾಕುವ ಕಾಲ ಬಂತು. ದೋಬ್ರಿನಾ ಹಿತ್ತಲ ಕೋಣೆಯಲ್ಲಿ ಪೀಪಾಯಿ ತೊಳೆಯುತ್ತಿದ್ದಳು. ವಾರಗಿತ್ತಿ ಮಿಂಕಾ ಬಂದು ಬಾಗಿಲಲ್ಲಿ ನಿಂತಳು. ಗಂಡಸರು ಜಗಳವಾಡಿದಷ್ಟೂ ವರ್ಷ ಈ ಇಬ್ಬರು ಹೆಂಗಸರು ಬೇಲಿಯ ಸಂದಿಯಲ್ಲಿ ಸೊಪ್ಪು, ಮೊಟ್ಟೆ ಕೊಟ್ಟು ತೆಗೆದುಕೊಂಡವರು. ಅಂದು ಮಿಂಕಾಳ ಕೈ ಬರಿದಾಗಿತ್ತು.

"ಅಕ್ಕ, ಸಾಕು ಮಾಡು."

"ಏನನ್ನ?"

"ಗೊತ್ತಿಲ್ವಾ ನಿಂಗೆ? ನಮ್ಮನೆಯವರ ಶ್ವಾಸಕೋಶ ತಿಂದುಹೋಗಿದೆ. ಬೇಸಿಗೇಲೇ ಡಾಕ್ಟರು ಕೈ ಬಿಟ್ಟರು. ಅದಕ್ಕೇ ಅಲ್ವಾ ಜಗಳ ಬಿಟ್ಟಿದ್ದು, ಅಣ್ಣನ ಜೊತೆ ನೆಟ್ಟಗೆ ನಾಲ್ಕು ದಿನ ಇರೋಣ ಅಂತ." ಮಿಂಕಾಳ ದನಿ ಏರಿತು. "ಈಗ ಮೂರು ಮೆಟ್ಟಿಲು ಹತ್ತೋಕಾಗಲ್ಲ. ಮಧ್ಯಾಹ್ನವೆಲ್ಲ ಒಂದು ಮಾತಾಡದೆ ಮಲಗಿರ್ತಾರೆ. ಯಾಕೆ ಅಂದ್ರೆ, ಸಂಜೆ ನಿನ್ನ ಗಂಡನಿಗೆ ಬೈಯೋಕೆ ಉಸಿರು ಕೂಡಿಟ್ಕೋಬೇಕಂತೆ! ಆ ಕಾರು ಯಾರು ನಿಲ್ಲಿಸ್ತಿರೋದು ಅಂದ್ಕೊಂಡಿದ್ಯಾ? ನಾನು. ದಿನಾ ಬೆಳಗ್ಗೆ ನಾನು ನಿಲ್ಲಿಸ್ತೀನಿ."

ದೋಬ್ರಿನಾ ಒದ್ದೆ ಕೈಯನ್ನು ಒರೆಸಿಕೊಳ್ಳುವುದನ್ನೂ ಮರೆತಳು. "ನಂಗೆ ಗೊತ್ತಿರಲಿಲ್ಲ. ದೇವರಾಣೆ ಗೊತ್ತಿರಲಿಲ್ಲ ಮಿಂಕಾ."

"ಈಗ ಗೊತ್ತಾಯ್ತಲ್ಲ."

ಆಕೆ ಅದೇ ಒದ್ದೆ ಕೈಯಲ್ಲಿ ಆಚೆ ಮನೆಗೆ ಹೋದಳು. ಕಾಂಚೊ ಕಿಟಕಿಯ ಪಕ್ಕ ದಿಂಬಿಗೊರಗಿದ್ದ. ಮುಖದಲ್ಲಿ ಮೂಗೊಂದೇ ದೊಡ್ಡದಾಗಿ ಉಳಿದಿತ್ತು.

"ನಾನು ಈಗಲೇ ಹೋಗಿ ಅವನಿಗೆ ಎಲ್ಲಾ ಹೇಳ್ತೀನಿ," ಎಂದಳು. "ಬಂದು ನಿನ್ನ ಕಾಲು ಹಿಡೀಲಿ."

"ಬೇಡ."

"ಕಾಂಚೊ—"

"ಬೇಡ ಅಂದೆ. ಕೂತ್ಕೋ." ಅವನು ಮಾತಿನ ನಡುವೆ ನಿಂತು ನಿಂತು ಉಸಿರು ತೆಗೆದುಕೊಳ್ಳುತ್ತಿದ್ದ. "ನಾನು ಒಳ್ಳೆಯವನಾಗಿದ್ದಾಗ ಒಂದು ಮಾತು ಆಡಿದ್ನಾ ನನ್ನ ಹತ್ರ? ಮುಖ ತಿರುಗಿಸ್ಕೊಂಡು ಹೋದ. ಈಗ ದಿನಾ ಬರ್ತಾನೆ. ಐದು ಗಂಟೆ ಆಗೋದೇ ತಡ. ಮೊನ್ನೆ 'ಬೂಟುಗಳ್ಳ' ಅಂದ. ಅದು ಇನ್ನೂ ನೆನಪಿದೆಯಲ್ಲ ಆ ಕತ್ತೆಗೆ! ಚಳಿಗಾಲದಲ್ಲಿ ನಮಗಿಬ್ರಿಗೂ ಸೇರಿ ಒಂದೇ ಒಳ್ಳೆ ಜೊತೆ ಇತ್ತು." ಸ್ವಲ್ಪ ಹೊತ್ತು ಕಣ್ಣು ಮುಚ್ಚಿದ. "ಕಾಯಿಲೆ ಅಂತ ಹೇಳಿದ್ರೆ ಅವನಿಗೆ ಏನು ಮಾಡಬೇಕು ಅಂತ ಗೊತ್ತಾಗಲ್ಲ. ಹೆದರಿ ದೂರ ನಿಂತುಬಿಡ್ತಾನೆ. ನಾನು ಇರೋವರೆಗೂ ಹೇಳಬೇಡ. ಮಾತು ಕೊಡು."

ಆಕೆ ಮಾತು ಕೊಟ್ಟಳು. ಕೊಡಬಾರದಿತ್ತೋ ಏನೋ. ಆದರೂ ಆ ಸಂಜೆ ಊಟಕ್ಕೆ ಬಡಿಸುವಾಗ ತಡೆಯದೆ, "ಕಾಂಚೊಗೆ ಮೈಯಲ್ಲಿ ಹುಷಾರಿಲ್ಲ ಅನ್ಸತ್ತೆ. ತುಂಬಾ ಕೆಮ್ಮುತ್ತಾನೆ," ಎಂದಳು.

ರೂಸಿಯ ಚಮಚ ತಟ್ಟೆಯ ಮೇಲೆ ನಿಂತಿತು. ಎಲ್ಲರೂ ಅವನನ್ನೇ ನೋಡಿದರು.

"ಕಾರು ಅಡ್ಡ ನಿಲ್ಲಿಸೋಕೆ ಹುಷಾರಿದ್ದಾನಲ್ಲ," ಎಂದು ಮತ್ತೆ ಚಮಚ ಎತ್ತಿದ. "ಗೆಲ್ಲೋಕಾಗದೆ ನಾಟಕ."

ನವೆಂಬರಿನಲ್ಲಿ ಕಾಂಚೊ ಕಂಬಳಿ ಹೊದ್ದು ಜಗಲಿಯ ಕುರ್ಚಿಯಲ್ಲಿ ಕೂರತೊಡಗಿದ. ಬೇಲಿಯವರೆಗೆ ಬರುತ್ತಿರಲಿಲ್ಲ. ರೂಸಿ ಈಚೆ ನಿಂತು ಕೂಗುತ್ತಿದ್ದ. ಕಾಂಚೊ ಒಂದು ಮಾತು, ಹೆಚ್ಚೆಂದರೆ ಎರಡು ಮಾತು ತಿರುಗಿ ಹೇಳುತ್ತಿದ್ದ. ಕೊನೆಯ ಸಲ ಅವನ ತುಟಿ ಅಲ್ಲಾಡಿತೇ ಹೊರತು ಏನೂ ಕೇಳಲಿಲ್ಲ.

"ಜೋರಾಗಿ ಹೇಳೋ ಕತ್ತೆ! ಬಾಯಲ್ಲಿ ಏನಿಟ್ಕೊಂಡಿದ್ದೀಯಾ?"

ಕಾಂಚೊ ನಕ್ಕ. ಕಂಬಳಿಯೊಳಗಿಂದ ಕೈ ತೆಗೆದು, ಹೆಬ್ಬೆರಳನ್ನು ಎರಡು ಬೆರಳ ನಡುವೆ ಸಿಕ್ಕಿಸಿ ತೋರಿಸಿದ. ಏನೂ ಕೊಡಲ್ಲ ಹೋಗು ಎಂದು ನಮ್ಮ ಕಡೆ ಮಕ್ಕಳು ತೋರಿಸುವುದು ಹಾಗೆ. ರೂಸಿಗೆ ಅದು ಎಷ್ಟು ಹಿಡಿಸಿತೆಂದರೆ ಒಳಗೆ ಬಂದು ನೆಲಿಗೂ ಮಾಡಿ ತೋರಿಸಿದ.

ಮಾರನೇ ದಿನ ಜಗಲಿ ಖಾಲಿಯಿತ್ತು. ಅದರ ಮಾರನೇ ದಿನವೂ. ಪರದೆ ಎಳೆದಿತ್ತು. ರೂಸಿ ಬೇಲಿ ಅಲ್ಲಾಡಿಸಿ, "ಹೊರಗೆ ಬಾರೋ ಹೇಡಿ! ಹೆಂಗಸಿನ ಹಿಂದೆ ಬಚ್ಚಿಟ್ಕೊಂಡಿದ್ದೀಯಾ?" ಎಂದು ಕೂಗಿದ. ಅಡುಗೆಮನೆಯಲ್ಲಿ ದೋಬ್ರಿನಾ ಎರಡೂ ಕಿವಿ ಮುಚ್ಚಿಕೊಂಡು ನಿಂತಿದ್ದಳು. ರುಮ್ಯಾನಾ ಓಡಿ ಹೋಗಿ ಮಾವನ ತೋಳು ಹಿಡಿದು ಎಳೆದಳು. "ಒಳಗೆ ಬನ್ನಿ ಮಾವ. ದಮ್ಮಯ್ಯ, ಒಳಗೆ ಬನ್ನಿ."

ಅದಾದ ಮೇಲೆ ಒಂದು ಬೆಳಗ್ಗೆ ಮಿಂಕಾ ಗೇಟಿನಲ್ಲಿ ತಮ್ಮ ಕಡೆಯ ಬಾಗಿಲಿಗೆ ಸಾವಿನ ಚೀಟಿ ಅಂಟಿಸಿದಳು. ಕಪ್ಪು ಅಂಚಿನೊಳಗೆ ಕಾಂಚೊನ ಫೋಟೊ, ಬಸ್ಸಿನ ಮುಂದೆ ತೆಗೆಸಿಕೊಂಡದ್ದು. ರೂಸಿ ಬ್ರೆಡ್ ತರಲು ಹೊರಟವನು ಅದರ ಮುಂದೆ ನಿಂತ. ನಿಂತವನು ಅಲ್ಲಿಂದ ಕದಲಲೇ ಇಲ್ಲ. ಪ್ಲಾಮೆನ್ ಹೋಗಿ ಭುಜ ಮುಟ್ಟಿದಾಗ, "ಇದು ಅವನ ಕಡೆಯ ಬಾಗಿಲು," ಎಂದ. "ನನ್ನ ಕಡೆಗೂ ಒಂದು ಅಂಟಿಸಿ ಅಂತ ಹೇಳು."

ಅಂತ್ಯಕ್ರಿಯೆಗೆ ಹಳೆಯ ಸೂಟು ತೊಟ್ಟು ಬಂದ. ಎಲ್ಲರ ಹಿಂದೆ, ಸ್ಮಶಾನದ ಗೋಡೆಗೆ ಒರಗಿ ನಿಂತ. ಪಾದ್ರಿ ಪ್ರಾರ್ಥನೆ ಮುಗಿಸಿದರು, ಎಲ್ಲರೂ ಒಂದೊಂದು ಹಿಡಿ ಮಣ್ಣು ಹಾಕಿದರು. ಅವನು ಹಾಕಲಿಲ್ಲ. ಸತ್ತವರ ಹೆಸರಲ್ಲಿ ಹಂಚುವ ಬೇಯಿಸಿದ ಗೋಧಿಯನ್ನು ಮಿಂಕಾ ಅವನ ಅಂಗೈಗೆ ಹಾಕಿದಾಗ ತಿನ್ನದೆ ಮುಷ್ಟಿ ಮುಚ್ಚಿಕೊಂಡು ಮನೆಯವರೆಗೂ ತಂದ.

ಆ ಮಧ್ಯಾಹ್ನವೇ ದೋಬ್ರಿನಾ ಹೇಳಿದಳು. ಬಸ್ ನಿಲ್ದಾಣದ ಬೆಂಚು, ಕಾರು, ಮಿಂಕಾ, ಕೊಟ್ಟ ಮಾತು, ಎಲ್ಲವನ್ನೂ. ಅವನು ಮೇಜಿನ ಮೇಲಿನ ಬಟ್ಟೆಯನ್ನು ಉಗುರಿನಿಂದ ಗೀರುತ್ತ ಕೇಳಿದ.

"ನೀನು ಹೇಳಿದ್ದಕ್ಕೆ ಬೈದ್ನಾ?"

"ಹೂಂ."

"ಅವನಿಗೆ ನನ್ನ ಮೇಲೆ ಸಿಟ್ಟಿರಲಿಲ್ವಾ?"

"ಇರಲಿಲ್ಲ."

"ಒಂದು ದಿನಾನೂ?"

"ಈ ಬೇಸಿಗೆವರೆಗೆ ಇತ್ತೇನೋ. ಈ ಎರಡು ತಿಂಗಳು ಇರಲಿಲ್ಲ."

"ನಾನು ನಿಜವಾಗಿ ಬೈದೆ," ಎಂದ. ಆಮೇಲೆ, "ಹೇಡಿ ಅಂದೆ. ಕೇಳಿಸ್ತಾ ಅವನಿಗೆ?"

ದೋಬ್ರಿನಾಗೆ ಗೊತ್ತಿರಲಿಲ್ಲ. "ಕೇಳಿಸಿರಲ್ಲ. ಆಗ ಅವನಿಗೆ ಎಚ್ಚರ ಇರಲಿಲ್ಲವಂತೆ," ಎಂದಳು.

ಅವನು ಮೇಜಿನ ಮೇಲೆ ತಲೆಯಿಟ್ಟ. ಅವನು ಅಳುವುದನ್ನು ಆಕೆ ಮದುವೆಯಾದ ಮೇಲೆ ನೋಡಿರಲಿಲ್ಲ. ಅತ್ತೆ ಸತ್ತಾಗ ಇಲ್ಲ, ಮಾವ ಸತ್ತಾಗ ಇಲ್ಲ. ಆಕೆ ಬೆನ್ನ ಮೇಲೆ ಕೈಯಿಟ್ಟಳು. ಅವನು ತಳ್ಳಲಿಲ್ಲ. ಇನ್ನಾದರೂ ಈ ಮನುಷ್ಯ ಮೆತ್ತಗಾಗಬಹುದು, ಕಾಂಚೊ ಸತ್ತದ್ದಕ್ಕೆ ಅಷ್ಟಾದರೂ ಆಗಬಹುದು ಎಂದು ಆಕೆಗೆ ಅನ್ನಿಸಿತು.

ನಾಲ್ಕಾರು ದಿನ ಮೆತ್ತಗೇ ಇದ್ದ. ಮಿಂಕಾಳ ಸೌದೆ ಒಡೆದುಕೊಟ್ಟ. ಬೇಲಿಯ ತಂತಿಯನ್ನು ಒಂದು ಕಡೆ ಕತ್ತರಿಸಿ ಓಡಾಡಲು ದಾರಿ ಮಾಡಿದ. ಊಟಕ್ಕೆ ಕೂತರೆ ಮಾತ್ರ ಎರಡು ತುತ್ತು, ಮೂರು ತುತ್ತು. ಮತ್ತೆ ಮಂಚ, ಮತ್ತೆ ಗೋಡೆ.

ಡಿಸೆಂಬರಿನ ಒಂದು ಮಧ್ಯಾಹ್ನ ಎಲ್ಲರೂ ಹುರುಳಿಕಾಯಿ ಸೂಪು ಕುಡಿಯುತ್ತಿದ್ದಾಗ ಅವನು ತಲೆ ಎತ್ತಿ ಹೆಂಡತಿಯನ್ನು ನೋಡಿದ.

"ನೀನು ನನ್ನ ತಮ್ಮನ್ನ ಕಿತ್ಕೊಂಡೆ."

ದೋಬ್ರಿನಾ ಬ್ರೆಡ್ ಕೊಯ್ಯುತ್ತಿದ್ದಳು. ಚಾಕು ನಿಂತಿತು.

"ಎರಡು ತಿಂಗಳು ನಿಂಗೆ ಗೊತ್ತಿತ್ತು. ಒಂದು ತಿಂಗಳು ಅಂತಿಟ್ಕೋ. ಹೇಳಲಿಲ್ಲ. ಹೇಳಿದ್ರೆ ನಾನು ಹೋಗಿ ಕೂರ್ತಿರಲಿಲ್ವಾ ಅವನ ಪಕ್ಕ? ಮೂರ್ಖನ ಹಾಗೆ ಅಂಗಳದಲ್ಲಿ ಕುಣಿಸಿದ್ರಿ ನನ್ನ. ಊರು ನಗ್ತಿತ್ತು!"

"ಅಪ್ಪ," ಎಂದ ಪ್ಲಾಮೆನ್.

"ನೀನು ಸುಮ್ನಿರು! ಇವಳನ್ನ ಕೇಳ್ತಿದ್ದೀನಿ. ಮಾತಾಡೇ! ಸಾಯ್ತಿರೋನಿಗೆ ಬೈಯೋ ಹಾಗೆ ಮಾಡಿದ್ಯಲ್ಲ, ನಿನ್ನ ನಾಲಿಗೆ ಸೇದಿಹೋಗಲಿಲ್ವಾ?"

ದನಿ ಏರುತ್ತ ಹೋಯಿತು. ಕೆನ್ನೆಗೆ ಕೆಂಪು ಬಂತು. ಕುರ್ಚಿಯ ಅಂಚಿಗೆ ಸರಿದ. ಬಯ್ಯುತ್ತಲೇ ಕೈ ಚಾಚಿ ಆಕೆ ಕೊಯ್ದಿಟ್ಟ ಬ್ರೆಡ್ ತೆಗೆದುಕೊಂಡ, ಸೂಪಿನಲ್ಲಿ ಅದ್ದಿ ತಿಂದ, ಮತ್ತೊಂದು ತೆಗೆದುಕೊಂಡ. ತಟ್ಟೆ ಖಾಲಿಯಾಯಿತು. ಆಕೆಯ ಕಡೆ ನೂಕಿದ.

ದೋಬ್ರಿನಾ ಅವನು ಹೇಳಿದ್ದರಲ್ಲಿ ಸುಳ್ಳಿಲ್ಲ ಅಂದುಕೊಂಡಳು. ಅವನ ಮುಖಕ್ಕೆ ಬಂದ ಬಣ್ಣವನ್ನೂ ನೋಡಿದಳು. ಎದ್ದು ಇನ್ನೊಂದು ಸೌಟು ಬಡಿಸಿದಳು.

"ಹೂಂ. ನಂದೇ ತಪ್ಪು," ಎಂದಳು. ಆಮೇಲೆ, ಎಂದೂ ಇಲ್ಲದವಳು, ಸ್ವಲ್ಪ ದನಿ ಎತ್ತಿ ಸೇರಿಸಿದಳು: "ನಿನ್ನ ತಮ್ಮ ಸಾಯ್ತಿದ್ದಾನೆ ಅಂತ ನೋಡೋಕೆ ನಿಂಗೇನು ಕಣ್ಣಿರಲಿಲ್ವಾ?"

"ಏನಂದೆ?" ರೂಸಿ ಚಮಚ ಎತ್ತಿಕೊಂಡ. "ಏನಂದೆ ನೀನು?"

ನೆಲಿ ತಟ್ಟೆ ಹಿಡಿದು ಮೆಟ್ಟಿಲಿಗೆ ಹೋದಳು. ರುಮ್ಯಾನಾ ಗಂಡನ ಮುಖ ನೋಡಿದಳು. ಪ್ಲಾಮೆನ್ ತಲೆಯಾಡಿಸಿದ.

ಮಗ ಸೊಸೆಗೆ ಯಾಂಬೋಲಿನಲ್ಲಿ ಕಾರ್ಖಾನೆಯ ಹತ್ತಿರ ಎರಡು ಕೋಣೆಯ ಮನೆ ಸಿಕ್ಕಿತು. ಹೊಸ ವರ್ಷಕ್ಕೆ ಮುಂಚೆಯೇ ಸಾಮಾನು ತುಂಬಿದರು. ಕಾರಿನ ಹತ್ತಿರ ರುಮ್ಯಾನಾ ಅತ್ತೆಯ ಎರಡೂ ಕೈ ಹಿಡಿದುಕೊಂಡಳು.

"ನೀವೂ ಬನ್ನಿ. ಮಂಚ ಹಾಕಿದ್ದೀನಿ ನಿಮಗೆ, ನೆಲಿ ಪಕ್ಕದಲ್ಲಿ. ಸುಮ್ನೆ ಹೇಳ್ತಿಲ್ಲ."

"ಗೊತ್ತಮ್ಮ."

"ನೀವು ಬೇಕು ಬೇಕು ಅಂತ ಅವರನ್ನ ಕೆಣಕ್ತೀರಿ. ನಾನು ನೋಡಿದ್ದೀನಿ. ಹೀಗೆ ಎಷ್ಟು ದಿನ ಅತ್ತೆ?"

ದೋಬ್ರಿನಾ ನೆಲಿಯ ಟೋಪಿ ಕಿವಿಯವರೆಗೆ ಎಳೆದು ಮುತ್ತಿಟ್ಟಳು. ಪ್ಲಾಮೆನ್ ಅಮ್ಮನ ಮುಖ ನೋಡಲಾರದೆ ಗಾಜು ಒರೆಸುತ್ತಿದ್ದ. ಕಾರು ತಿರುವಿನಲ್ಲಿ ಮರೆಯಾಗುವವರೆಗೆ ಆಕೆ ಬೀದಿಯಲ್ಲೇ ನಿಂತಿದ್ದಳು.

ಒಳಗಿನಿಂದ ರೂಸಿ ಕೂಗುತ್ತಿದ್ದ: "ದೋಬ್ರಿನಾ! ಎಲ್ಲಿ ಸತ್ತೆ? ಕಳಿಸಿಬಿಟ್ಯಾ ಅವರನ್ನೂ? ಮಾತಾಡೇ!"

ಮಿಂಕಾ ಕಪ್ಪು ಬಟ್ಟೆ ಹೊದ್ದು ತನ್ನ ಜಗಲಿಯಲ್ಲಿ ನಿಂತಿದ್ದಳು. "ಸ್ವಲ್ಪ ಹೊತ್ತು ಇಲ್ಲಿ ಬಂದು ಕೂತ್ಕೋ ಅಕ್ಕ," ಎಂದಳು. "ಕಾಫಿ ಇಟ್ಟಿದ್ದೀನಿ."

"ಬರ್ತೀನಿ ಕಣೇ, ಆಮೇಲೆ." ದೋಬ್ರಿನಾ ಕೆನ್ನೆ ಒರೆಸಿಕೊಂಡು ಎಪ್ರನ್ ಸರಿಮಾಡಿಕೊಂಡಳು. "ಅವನು ಇನ್ನೂ ಊಟ ಮಾಡಿಲ್ಲ."

ಮೆಟ್ಟಿಲು ಹತ್ತಿ, ಬಾಗಿಲಲ್ಲಿ ಒಮ್ಮೆ ಉಸಿರು ತುಂಬಿಕೊಂಡು, ಬೀದಿಗೆಲ್ಲ ಕೇಳುವ ಹಾಗೆ ಕೂಗಿದಳು:

"ಬಾಯಿ ಮುಚ್ಚೋ ಮುದುಕ, ಬಂದೆ!"